ಯಾರಿಗೂ ಬೇಡವಾದ ಸೂಪರ್‌ಹೀರೋ

ಹೀರೋ ಅಂದರೆ ಕಟೌಟ್, ಹಾಲಿನ ಅಭಿಷೇಕ, ಪಟಾಕಿ. ತುಮಕೂರಿನಲ್ಲಿ ಸಿನಿಮಾ ನೋಡುತ್ತಾ ಬೆಳೆದ ನಮಗೆ ಅಷ್ಟೇ ಗೊತ್ತು. ಜಪಾನಿನ ಹಾಸ್ಯನಟ ಹಿತೋಶಿ ಮತ್ಸುಮೊಟೊ 2007ರಲ್ಲಿ ನಿರ್ದೇಶಿಸಿ, ತಾನೇ ನಟಿಸಿದ ‘ಡೈ ನಿಪ್ಪೊಂಜಿನ್’ ಸಿನಿಮಾದ ಹೀರೋ ದೈಸಾತೊಗೆ ಇದ್ಯಾವುದೂ ಇಲ್ಲ. ಉದ್ದ ಕೂದಲು, ಪೆಚ್ಚು ಮುಖ, ಜೊತೆಯಲ್ಲಿಲ್ಲದ ಹೆಂಡತಿ. ಮೈಗೆ ಕರೆಂಟ್ ಹರಿಸಿದರೆ ಬಿಲ್ಡಿಂಗ್ ಎತ್ತರಕ್ಕೆ ಬೆಳೆದು, ಬರೀ ಚಡ್ಡಿಯಲ್ಲಿ ನಿಂತು ವಿಚಿತ್ರ ರಾಕ್ಷಸರ ಜೊತೆ ಗುದ್ದಾಡುತ್ತಾನೆ. ಅದು ಟಿವಿಯಲ್ಲೂ ಬರುತ್ತದೆ, ಆದರೆ ನೋಡುವವರೇ ಇಲ್ಲ. ಮ್ಯಾನೇಜರಮ್ಮ ಅವನ ಮೈಯನ್ನೇ ಜಾಹೀರಾತಿಗೆ ಮಾರಿದ್ದಾಳೆ!

ಇಡೀ ಸಿನಿಮಾ ಸಾಕ್ಷ್ಯಚಿತ್ರದ ಥರ ಇದೆ. ಕ್ಯಾಮೆರಾದವನು ಸುಮ್ನೆ ಏನೇನೋ ಕೇಳುತ್ತಾನೆ, ಇವನು ನಿಧಾನಕ್ಕೆ ಉತ್ತರ ಕೊಡುತ್ತಾನೆ. ಮಡಚುವ ಛತ್ರಿ ಅಂದರೆ ಅವನಿಗೆ ಇಷ್ಟವಂತೆ, ಯಾಕೆ ಅಂದರೆ ಅದು ಬೇಕಾದಾಗ ಮಾತ್ರ ದೊಡ್ಡದಾಗುತ್ತದೆ. ಮಾತಿನ ಮಧ್ಯೆ ಕಿಟಕಿಗೆ ಕಲ್ಲು ಬೀಳುತ್ತದೆ. ಅವನಿಗೆ ಅದೂ ಮಾಮೂಲು. ನಾನು ಜೋರಾಗಿ ನಕ್ಕೆ, ಆಮೇಲೆ ಪಾಪ ಅನ್ನಿಸಿತು.

ಅವನ ತಾತನ ಕಾಲದಲ್ಲಿ ಈ ಕೆಲಸಕ್ಕೆ ಮರ್ಯಾದೆ ಇತ್ತು, ಈಗ ಆ ತಾತನಿಗೆ ಮರೆವಿನ ಕಾಯಿಲೆ. ನನಗೆ ಜಾಸ್ತಿ ಹಿಡಿಸಿದ್ದು ಈ ಭಾಗ. ಕೊನೆಯಂತೂ ಪೂರ್ತಿ ಹುಚ್ಚಾಟ: ಗ್ರಾಫಿಕ್ಸ್ ಬಿಟ್ಟು ಹಳೇ ಜಪಾನಿ ಟಿವಿ ಸೀರಿಯಲ್ ಥರ ಸೂಪರ್‌ಹೀರೋ ಸೂಟ್ ಹಾಕಿಕೊಂಡವರು ಬಂದುಬಿಡುತ್ತಾರೆ. ಸಿನಿಮಾ ಸ್ವಲ್ಪ ಎಳೆಯುತ್ತದೆ, ಅದು ನಿಜ.

ನನ್ನ ತಮ್ಮ ಅರ್ಧಕ್ಕೇ ಎದ್ದ. ‘ಕರೆಂಟೇ ಬೇಕು ಅಂದ್ರೆ ಪಾವಗಡಕ್ಕೆ ಕಳಿಸು, 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ’ ಅಂದು ಮಲಗಲು ಹೋದ.