ಸುಳ್ಳ ಹೇಳಾಂವ ಅಷ್ಟು ದೊಡ್ಡಾಂವ ಆಗತಾನೇನು?

‘ಯಾವ ಐಟಿ ಕಂಪನಿ ಮಾಲಕನ್ನ ನಂಬಬೇಕು?’ ಬೆಂಗಳೂರಿನಲ್ಲಿ ಹದಿನೈದು ವರ್ಷ ದುಡಿದು ಕಲಬುರಗಿಗೆ ವಾಪಸಾದ ಮೇಲೆ ಮದುವೆ, ಕುಬಸ, ಚಹಾದಂಗಡಿ ಎಲ್ಲಿಗೆ ಹೋದರೂ ಇದೇ ಪ್ರಶ್ನೆ. ಬಾಯಿಂದ ಹೇಳಿ ಸಾಕಾಗಿದೆ. ನನಗೆ ಗೊತ್ತಿಲ್ಲ. ಭಾಷಣ ಕೇಳಿ, ಫೋಟೊ ನೋಡಿ ಯಾರ ಗುಣವನ್ನೂ ಅಳೆಯಲು ನನ್ನಿಂದ ಆಗದು.

ಪ್ರಶ್ನೆಗಿಂತ ಅದರ ಬಾಲಕ್ಕೆ ನನಗೆ ಸಿಟ್ಟು. ಶರಣಬಸವೇಶ್ವರ ಜಾತ್ರೆಯ ದಿನ ಕಾಕಾ, ಮಗ ಸೇರಬೇಕೆಂದಿರುವ ಕಂಪನಿಯ ಮಾಲಕನ ಬಗ್ಗೆ ಅಂದರು: ‘ಸಾವಿರ ಕೋಟಿ ಕಂಪನಿ ಕಟ್ಯಾನ. ಸುಳ್ಳ ಹೇಳಾಂವ ಅಷ್ಟು ದೊಡ್ಡಾಂವ ಆಗತಾನೇನು?’

ಆಗತಾನ, ಕಾಕಾ. ಹೈದರಾಬಾದಿನ ಐಟಿ ಕಂಪನಿ ಸತ್ಯಂಗೆ 2008ರಲ್ಲಿ ಒಳ್ಳೆಯ ಆಡಳಿತಕ್ಕೆಂದೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಸಿಕ್ಕಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರೇ ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ಇರಲೇ ಇಲ್ಲ.

ಇನ್ನು ಆ ‘ಸಾವಿರ ಕೋಟಿ’. ಯಾರೋ ನೂರು ಕೋಟಿ ಕೊಟ್ಟು ಹತ್ತನೇ ಒಂದು ಪಾಲು ಕೊಂಡರೆ ಕಂಪನಿಗೆ ಸಾವಿರ ಕೋಟಿ ಬೆಲೆ ಕಟ್ಟುತ್ತಾರೆ. ನಮ್ಮೂರ ಗಂಜ್ ಮಾರುಕಟ್ಟೆಯಲ್ಲಿ ಒಂದು ಚೀಲ ತೊಗರಿ ಹೆಚ್ಚಿನ ದರಕ್ಕೆ ಹೋಯಿತೆಂದು ಗೋದಾಮಿನ ಅಷ್ಟೂ ಚೀಲಕ್ಕೆ ಅದೇ ದರ ಹಚ್ಚಿದ ಹಾಗೆ. ಅದು ತಿಜೋರಿಯಲ್ಲಿರುವ ರೊಕ್ಕವಲ್ಲ, ಮಾಲಕನ ನಡತೆಗೆ ಸಾಕ್ಷಿಯಂತೂ ಅಲ್ಲವೇ ಅಲ್ಲ.

ನಮ್ಮಪ್ಪ ತೊಗರಿ ಹಾಕುತ್ತಿದ್ದ ಅಡತಿ ಅಂಗಡಿ ಗಂಜ್‌ನಲ್ಲಿ ದೊಡ್ಡದೇನಲ್ಲ. ಆದರೆ ತೂಕ ಕಣ್ಣೆದುರು, ಪಟ್ಟಿ ಅವತ್ತೇ ಕೈಗೆ. ಒಂದು ವರ್ಷ ದರ ಬಿದ್ದಾಗ, ‘ಇವತ್ತ ಮಾರಬ್ಯಾಡ್ರಿ, ಸ್ವಲ್ಪ ತಡೀರಿ’ ಅಂತ ಅಂಗಡಿಯವರೇ ಹೇಳಿದರು. ಅವತ್ತಿನ ಕಮಿಷನ್ ಅವರ ಕೈತಪ್ಪಿತು. ಅಪ್ಪ ಕೊನೆಯವರೆಗೂ ಆ ಅಂಗಡಿ ಬಿಡಲಿಲ್ಲ. ಗೆದ್ದವರು ಯಾರು ಅಂತ ನನ್ನನ್ನು ಕೇಳಿದರೆ ಮೊದಲು ಅವರ ಮುಖವೇ ನೆನಪಾಗುತ್ತದೆ.

ನೀವು ಕೇಳಬೇಕಿದ್ದದ್ದು ಬೇರೆ, ಕಾಕಾ: ಲಾಭ ಕಡಿಮೆ ಬಂದ ವರ್ಷ ಆ ಮಾಲಕ ಲೆಕ್ಕದಾಗ ಏನು ಬರೆದ? ರಾಜು ಅವರ ಪತ್ರದಲ್ಲೂ ಅದೇ ಇದೆ. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಶುರುವಿನಲ್ಲಿ ಇದ್ದದ್ದು ಚೂರು ಅಂತರ. ಅದನ್ನು ಮುಚ್ಚುತ್ತ ವರ್ಷಗಟ್ಟಲೆ ಬೆಳೆಸಿದರು.

ನಿಮ್ಮ ಮಗನಿಗೆ ಹೇಳ್ರಿ, ಸೇರುವ ಮೊದಲು ಅಲ್ಲಿ ಕೆಲಸ ಬಿಟ್ಟ ಇಬ್ಬರಿಗೆ ಫೋನ್ ಹಚ್ಚಲಿ. ಪಗಾರ ಯಾವ ತಾರೀಖಿಗೆ ಬರುತ್ತಿತ್ತು, ಪಿಎಫ್ ಪಾಸ್‌ಬುಕ್‌ನಲ್ಲಿ ತಿಂಗಳು ತಪ್ಪದೆ ಜಮಾ ಆಗಿತ್ತೇ, ಬಿಡುವಾಗ ಬಾಕಿ ಚುಕ್ತಾ ಮಾಡಿದರೇ, ಇಷ್ಟು ಕೇಳಿಕೊಂಡು ನಮ್ಮ ಮನೆಗೆ ಬರಲಿ. ಆಮೇಲೆ ಮಾತಾಡೋಣ.