ಗ್ರ್ಯಾಬ್ ಬಾರ್ ಎಲ್ಲಿ ಬೇಕು ಅಂತ ಗೋಡೆಯನ್ನೇ ಕೇಳಿ

ಸಿಂಗಾಪುರದಲ್ಲಿ ಹಳೆಯ ಸರ್ಕಾರಿ ಫ್ಲ್ಯಾಟ್‌ಗಳನ್ನು ದುರಸ್ತಿ ಮಾಡುವ ಗುತ್ತಿಗೆ ಕಂಪನಿಯೊಂದರಲ್ಲಿ ನಾನು ಸೈಟ್ ಎಂಜಿನಿಯರ್. ಇಲ್ಲಿನ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ವಾಸ ಮಾಡುವುದು ಎಚ್‌ಡಿಬಿ ಕಟ್ಟಿದ ಮನೆಗಳಲ್ಲೇ. 1960ರಲ್ಲಿ ಶುರುವಾದ ಈ ವಸತಿ ಮಂಡಳಿ 70ರ ದಶಕದಲ್ಲಿ ಎಬ್ಬಿಸಿದ ಬ್ಲಾಕ್‌ಗಳಿಗೆ ಈಗ ಹತ್ತಿರ ಹತ್ತಿರ ಐವತ್ತು ವರ್ಷ. ಆಗ ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಬಂದು ಒಕ್ಕಲಾದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಮನೆಗೂ ವಯಸ್ಸಾಗಿದೆ, ಮನೆಯವರಿಗೂ ವಯಸ್ಸಾಗಿದೆ.

ಮನೆಯ ವಯಸ್ಸನ್ನು ನೋಡಿಕೊಳ್ಳುವುದು ಕಷ್ಟವಲ್ಲ. ಸಮುದ್ರದ ಪಕ್ಕದ ಊರು, ವರ್ಷವಿಡೀ ಸೆಕೆ, ತೇವ. ಬಚ್ಚಲಿನ ಸೀಲಿಂಗ್‌ನಲ್ಲಿ ಕಾಂಕ್ರೀಟ್ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತೆ, ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಉದುರುತ್ತೆ. ಉದುರಿದ್ದನ್ನು ಕೆತ್ತಿ, ಕಂಬಿ ಉಜ್ಜಿ, ತುಕ್ಕು ತಡೆಯುವ ಬಣ್ಣ ಬಳಿದು, ಮತ್ತೆ ಗಾರೆ ತುಂಬುತ್ತೇವೆ. ಹಳೇ ಪೈಪು, ವೈರಿಂಗ್ ಬದಲಾಯಿಸುತ್ತೇವೆ. ಇದಕ್ಕೆ 2007ರಿಂದ ಒಂದು ಯೋಜನೆ ಇದೆ. ಬ್ಲಾಕ್‌ನ ಅರ್ಹ ಮನೆಗಳಲ್ಲಿ ಮುಕ್ಕಾಲು ಪಾಲು ಮತ ಹಾಕಿ ಒಪ್ಪಿದರೆ ಕೆಲಸ ಶುರು. ಅಗತ್ಯ ದುರಸ್ತಿಯ ಖರ್ಚು ಇಲ್ಲಿನ ಪ್ರಜೆಗಳಿಗೆ ಪೂರ್ತಿ ಸರ್ಕಾರದ್ದೇ.

ಮನೆಯವರ ವಯಸ್ಸಿಗಾಗಿ 2012ರಲ್ಲಿ ‘ಈಸ್’ ಅನ್ನೋ ಇನ್ನೊಂದು ಯೋಜನೆ ಬಂತು. ಮನೆಯಲ್ಲಿ 65 ದಾಟಿದವರಿದ್ದರೆ ಬಚ್ಚಲಿಗೆ ಗ್ರ್ಯಾಬ್ ಬಾರ್ (ಹಿಡಿದು ಏಳೋಕೆ ಗೋಡೆಗೆ ಬಿಗಿಯುವ ಕಂಬಿ), ಜಾರದಂತೆ ಟೈಲ್‌ಗೆ ಲೇಪ, ಹೊಸ್ತಿಲಿಗೆ ಇಳಿಜಾರು ಹಾಕಿಸಿಕೊಳ್ಳಬಹುದು. ಚಿಕ್ಕ ಫ್ಲ್ಯಾಟ್‌ಗಳಿಗೆ ಖರ್ಚಿನ 95 ಶೇಕಡಾ ಸರ್ಕಾರ ಕೊಡುತ್ತೆ. ನಾನು ಹೇಳಬೇಕಂದಿರೋದು ಈ ಗ್ರ್ಯಾಬ್ ಬಾರ್ ಬಗ್ಗೆ. ದುಡ್ಡಿದೆ, ಸಾಮಾನಿದೆ, ನುರಿತ ಕೆಲಸಗಾರರಿದ್ದಾರೆ. ಆದರೂ ಬಾರ್ ಮೇಲೆ ಒದ್ದೆ ಟವೆಲ್ ನೇತಾಡುತ್ತಾ, ಅಜ್ಜಿ ಮಾತ್ರ ವಾಶ್‌ಬೇಸಿನ್ ಹಿಡಿದು ಏಳುವ ಮನೆಗಳನ್ನು ನೋಡಿದ್ದೇನೆ. ವಾಶ್‌ಬೇಸಿನ್ ಮನುಷ್ಯರ ಭಾರ ತಡೆಯೋಕೆ ಮಾಡಿದ್ದಲ್ಲ.

ತೆಲೊಕ್ ಬ್ಲಾಂಗಾದ ಒಂದು ಬ್ಲಾಕ್. ಕಾರಿಡಾರಿನಲ್ಲಿ ನಿಂತರೆ ಕೆಪ್ಪೆಲ್ ಬಂದರಿನ ಕ್ರೇನ್‌ಗಳು ಕಾಣುತ್ತವೆ. ಆ ಮನೆಯ ಅಂಕಲ್ ವಯಸ್ಸಲ್ಲಿ ಸಿಂಗಾಪುರ ನದಿಯ ಸರಕು ದೋಣಿಗಳಿಂದ ಮೂಟೆ ಇಳಿಸುತ್ತಿದ್ದವರು. 1983ರಲ್ಲಿ ಆ ದೋಣಿಗಳನ್ನೆಲ್ಲ ನದಿಯಿಂದ ಖಾಲಿ ಮಾಡಿಸಿದರು. ದೋಣಿ ಹೋಯಿತು, ಭುಜದ ನೋವು ಉಳಿಯಿತು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ನಮ್ಮ ನಕ್ಷೆಯಲ್ಲಿ ಹಿಡಿದು ಎದ್ದು ನಿಲ್ಲುವ ಬಾರ್ ಇದ್ದಿದ್ದು ಬಲಗಡೆ.

ನಕ್ಷೆ ಬಿಚ್ಚುವ ಮೊದಲೇ ನಮ್ಮ ತಮಿಳು ಫೋರ್‌ಮನ್ ಬಚ್ಚಲಿನ ಗೋಡೆಗೆ ಟಾರ್ಚ್ ಬಿಟ್ಟರು. ಎಡಗಡೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಟೈಲ್ ಸಂದಿನ ಸಿಮೆಂಟ್ ಒಂದು ಅಂಗೈ ಅಗಲಕ್ಕೆ ಕಪ್ಪಾಗಿತ್ತು. ಬೇರೆ ಕಡೆ ಎಲ್ಲ ಬೆಳ್ಳಗೆ. ಬಾಗಿಲ ಚೌಕಟ್ಟಿನ ಒಳಮೈಯಲ್ಲಿ ಅಷ್ಟೇ ಎತ್ತರದಲ್ಲಿ ಬಣ್ಣ ಸವೆದಿತ್ತು. ವರ್ಷಗಟ್ಟಲೆ ಅವರ ಕೈ ಹೋಗಿದ್ದು ಅಲ್ಲಿಗೇ. ಫೋರ್‌ಮನ್‌ಗೆ ಬಜಾರ್ ಮಲಯ್, ಅಂದರೆ ಸಂತೆಯಲ್ಲಿ ಆಡುವ ಸರಳ ಮಲಯ್ ಭಾಷೆ, ಬರುತ್ತೆ, ಅಂಕಲ್‌ಗೂ ಬರುತ್ತೆ. ‘ಅಂಕಲ್, ಬಟ್ಟೆ ಹಾಕ್ಕೊಂಡೇ ಕೂತು ಎದ್ದು ತೋರಿಸಿ’ ಅಂದರು. ಅಂಕಲ್ ಕೂತರು, ಎದ್ದರು. ಎಡಗೈ ನೇರ ಆ ಕಪ್ಪು ಕಲೆಯ ಮೇಲೆ. ಅಲ್ಲೇ ಪೆನ್ಸಿಲ್ ಗುರುತು ಬಿತ್ತು. ಅವತ್ತಿನಿಂದ ನಾನು ಯಾವ ಮನೆಗೆ ಹೋದರೂ ಮೊದಲು ಗೋಡೆ ನೋಡುತ್ತೇನೆ, ಅಳತೆ ಪಟ್ಟಿ ಆಮೇಲೆ.

ಜಾಗ ಸಿಕ್ಕರೆ ಸಾಲದು. ಟೈಲ್ ಬಡಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಬೋಲ್ಟ್ ನಿಲ್ಲಲ್ಲ, ಹಿಂದೆ ಗಟ್ಟಿ ಇಟ್ಟಿಗೆ ಇರಬೇಕು. ಒಳಗೆ ಪೈಪ್ ಹೋಗಿದೆಯಾ ನೋಡಿಕೊಳ್ಳಬೇಕು. ಬಾರ್‌ಗೂ ಗೋಡೆಗೂ ನಡುವೆ ಬೆರಳು ಸುತ್ತಿ ಹಿಡಿಯುವಷ್ಟು ಸಂದು ಸಾಕು. ಜಾಸ್ತಿ ಬಿಟ್ಟರೆ ಕೈ ಜಾರಿದಾಗ ಮುಂಗೈ ಒಳಗೆ ಸಿಕ್ಕಿಕೊಳ್ಳುತ್ತೆ. ಕಣ್ಣು ಮಂಜಾದವರ ಮನೆಯಲ್ಲಿ ಬಿಳಿ ಟೈಲ್ ಮೇಲೆ ಬಿಳಿ ಬಾರ್ ಹಾಕಲೇಬೇಡಿ. ಕಾಣದ ಬಾರ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು, ಅವರ ದಿನಚರಿ. ಒಂದು ಫ್ಲ್ಯಾಟ್‌ನ ಒಳಗಿನ ಕೆಲಸಕ್ಕೆ ಸುಮಾರು ಹತ್ತು ದಿನ ಬೇಕು. ನಮಗೆ ಅದು ವೇಳಾಪಟ್ಟಿಯ ಒಂದು ಸಾಲು. ವಯಸ್ಸಾದವರಿಗೆ ಅದು ಧೂಳು, ಡ್ರಿಲ್ ಸದ್ದು, ಬಚ್ಚಲು ಇಲ್ಲದ ರಾತ್ರಿ. ತಾತ್ಕಾಲಿಕ ಕಮೋಡ್ ಕೊಡುತ್ತೇವೆ. ಅದನ್ನು ಹಾಲ್‌ನ ಮೂಲೆಯಲ್ಲಿ ಇಟ್ಟು ಬಂದರೆ ಆಂಟಿಯರು ಸಂಕೋಚಕ್ಕೆ ನೀರು ಕುಡಿಯೋದನ್ನೇ ಬಿಡುತ್ತಾರೆ. ಮಂಚದ ಹತ್ತಿರ ಇಟ್ಟು, ಸುತ್ತ ಪರದೆ ಕಟ್ಟಿಕೊಡಬೇಕು. ಇದು ಟೆಂಡರಿನಲ್ಲಿ ಬರೆದಿರಲ್ಲ, ಆದರೆ ಮಾಡಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಚೀನೀ ಮನೆಗಳಲ್ಲಿ ಪೂರ್ವಜರ ಪೂಜಾ ಪೀಠ ಇರುತ್ತೆ. ಅದನ್ನು ನಾವು ಮುಟ್ಟಲ್ಲ, ಮನೆಯವರೇ ಒಳ್ಳೇ ದಿನ ನೋಡಿ ಸರಿಸುತ್ತಾರೆ. ಆ ದಿನ ಯಾವುದು ಅಂತ ಮೊದಲೇ ಕೇಳಿಕೊಂಡರೆ ಕೆಲಸ ನಿಲ್ಲಲ್ಲ. ಮಲಯ್ ಮನೆಗಳಲ್ಲಿ ನಮಾಜಿನ ಹೊತ್ತಿಗೆ ಡ್ರಿಲ್ ಆಫ್ ಮಾಡುತ್ತೇವೆ, ಮನೆಯ ಮಕ್‌ಚಿಕ್ (ಮಲಯ್‌ನಲ್ಲಿ ಆಂಟಿ) ಹೇಳುವವರೆಗೆ ಕಾಯಲ್ಲ.

ಊರಲ್ಲಿ ಅಪ್ಪ ಅಮ್ಮನಿಗೆ ಬಾರ್ ಹಾಕಿಸಬೇಕು ಅಂತ ಸ್ನೇಹಿತರು ಫೋನ್ ಮಾಡಿ ಯಾವ ಬ್ರ್ಯಾಂಡ್ ಒಳ್ಳೇದು ಅಂತ ಕೇಳುತ್ತಿರುತ್ತಾರೆ. ಬ್ರ್ಯಾಂಡ್ ಆಮೇಲೆ ನೋಡೋಣ. ಪ್ಲಂಬರ್ ಬರುವ ದಿನ ಅಮ್ಮ ಮನೆಯಲ್ಲಿರಲಿ, ಅವರೇ ಕೂತು ಎದ್ದು ತೋರಿಸಲಿ, ಗುರುತು ಹಾಕಿದ ಮೇಲಷ್ಟೇ ಡ್ರಿಲ್. ಹಾಗೇ ಕಮೋಡಿನ ಪಕ್ಕ, ಶವರಿನ ಕೆಳಗೆ ಟವೆಲ್ ರಾಡ್ ಇದ್ದರೆ ಅವತ್ತೇ ಕೀಳಿಸಿ ಬಾಗಿಲ ಹೊರಗೆ ಹಾಕಿಸಿ. ಜಾರಿದಾಗ ಕೈ ಮೊದಲು ಸಿಕ್ಕಿದ್ದನ್ನು ಹಿಡಿಯುತ್ತೆ. ಟವೆಲ್ ರಾಡಿನ ಸಣ್ಣ ಸ್ಕ್ರೂಗಳಿಗೆ ಆ ಭಾರ ತಡೆಯುವ ಶಕ್ತಿ ಇಲ್ಲ.