ಊದುವ ಪರೀಕ್ಷೆ ನಾರ್ಮಲ್, ಹಾಗಾದರೆ ಈ ಕೆಮ್ಮು ಏಕೆ?

ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಯಂತ್ರದ ಮುಂದೆ ಜನರನ್ನು ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, "ಉಸಿರು ಪೂರ್ತಿ ಒಳಗೆ ಎಳೆದುಕೊಳ್ಳಿ, ಈಗ ಜೋರಾಗಿ ಊದಿ, ಊದಿ, ಊದುತ್ತಲೇ ಇರಿ" ಎಂದು ಕೂಗುವುದು ಹಲವು ವರ್ಷಗಳಿಂದ ನನ್ನ ಕೆಲಸ. ಈ ಕೋಣೆಗೆ ಬರುವ ಇಪ್ಪತ್ತೈದು ಮೂವತ್ತರ ಪ್ರಾಯದ ಹುಡುಗರಲ್ಲಿ ಕೆಲವರು, ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ನೋಡಿಕೊಂಡು, ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದೇ: "ಸಾರ್, ನಾನು ಸಿಗರೇಟ್ ಸೇದಲ್ಲ, ಸೊಪ್ಪು ಮಾತ್ರ. ರಿಪೋರ್ಟ್ ನಾರ್ಮಲ್ ಅಂತೀರಿ. ಮತ್ತೆ ಬೆಳಗ್ಗೆ ಎದ್ದ ತಕ್ಷಣ ಈ ಕೆಮ್ಮು, ಕಫ ಯಾಕೆ?" ಸೊಪ್ಪು ಎಂದರೆ ಗಾಂಜಾ. ವಾಸ್ತವವಾಗಿ ಸೇದುವುದು ಎಲೆಯನ್ನಲ್ಲ, ಹೂಬಿಟ್ಟ ತುದಿಯನ್ನು; ಆದರೆ ಹೆಸರಿನಲ್ಲಿರುವ ಸೊಪ್ಪು ಎಷ್ಟೋ ಜನರಿಗೆ ಸುಳ್ಳು ಧೈರ್ಯ ಕೊಟ್ಟಿದೆ.

ನನ್ನ ಉತ್ತರವೇನೆಂದರೆ, ರಿಪೋರ್ಟೂ ಸುಳ್ಳಲ್ಲ, ಕೆಮ್ಮೂ ಸುಳ್ಳಲ್ಲ. ಯಂತ್ರವು ಮುಖ್ಯವಾಗಿ ಎರಡು ಲೆಕ್ಕಗಳನ್ನು ಕೊಡುತ್ತದೆ: ಒಟ್ಟು ಎಷ್ಟು ಗಾಳಿ ಹೊರಬಂತು ಮತ್ತು ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು. ಉಸಿರಿನ ಕೊಳವೆಗಳು ಕಿರಿದಾಗಿದ್ದರೆ ಎರಡನೆಯದು ಇಳಿಯುತ್ತದೆ. ಆದರೆ ಕೊಳವೆ ಕಿರಿದಾಗದೆಯೂ ಅದರ ಒಳಮೈ ಕೆಂಪೇರಿ ಬಾತುಕೊಂಡಿರಬಹುದು, ಮತ್ತು ಅದು ನನ್ನ ಯಂತ್ರಕ್ಕೆ ಕಾಣುವುದಿಲ್ಲ. ಆರೋಗ್ಯವಂತರ ಶ್ವಾಸನಾಳದ ಒಳಮೈಯಲ್ಲಿ ಅತಿ ಸೂಕ್ಷ್ಮ ರೋಮಗಳು, ಗಾಳಿಗೆ ತೊನೆಯುವ ಪೈರಿನಂತೆ ಬಾಗುತ್ತ ಏಳುತ್ತ, ಧೂಳು ಹಿಡಿದ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಅದನ್ನು ನಾವು ಅರಿವಿಲ್ಲದೆ ನುಂಗುತ್ತಿರುತ್ತೇವೆ. ಹೊಗೆ ನಿತ್ಯ ತಾಗಿದರೆ ರೋಮವುಳ್ಳ ಜೀವಕೋಶಗಳು ಕಡಿಮೆಯಾಗಿ, ಲೋಳೆ ಸುರಿಸುವ ಜೀವಕೋಶಗಳು ಹೆಚ್ಚುತ್ತವೆ. ಕಸ ಹೆಚ್ಚಿ, ಗುಡಿಸುವವರು ಕಡಿಮೆಯಾದಂತೆ. ರಾತ್ರಿಯಿಡೀ ನಿಂತ ಕಫವನ್ನು ಹೊರಹಾಕಲು ದೇಹಕ್ಕೆ ಉಳಿಯುವ ದಾರಿ ಕೆಮ್ಮು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಟಾಶ್ಕಿನ್ ಅವರ ತಂಡವು ಗಾಂಜಾ ಸೇದುವ, ಮೇಲುನೋಟಕ್ಕೆ ಆರೋಗ್ಯವಾಗಿಯೇ ಇದ್ದ ಯುವಕರ ಶ್ವಾಸನಾಳದೊಳಗೆ ದುರ್ಬೀನು ಇಳಿಸಿ ನೋಡಿದಾಗ, ತಂಬಾಕು ಸೇದುವವರಲ್ಲಿ ಇರುವಂಥದೇ ಉರಿಯೂತ ಅಲ್ಲಿಯೂ ಕಂಡಿತ್ತು.

ದಿನಕ್ಕೆ ಒಂದೋ ಎರಡೋ ಸೇದಿದರೆ ಇಷ್ಟಾಗುತ್ತದೆಯೇ ಎಂದು ಕೇಳುವವರಿಗೆ ಸೇದುವ ರೀತಿಯನ್ನು ಗಮನಿಸಿ ಎನ್ನುತ್ತೇನೆ. ಇದೇ ತಂಡ 1988ರಲ್ಲಿ 15 ಗಂಡಸರಿಗೆ ಗಾಂಜಾ ಮತ್ತು ಸಿಗರೇಟು ಎರಡನ್ನೂ ಸೇದಲು ಕೊಟ್ಟು ಅಳತೆ ಮಾಡಿತು. ಗಾಂಜಾ ಸೇದುವಾಗ ಒಂದೊಂದು ದಮ್ಮಿನ ಪ್ರಮಾಣ ಸಿಗರೇಟಿನದಕ್ಕಿಂತ ಮೂರನೇ ಎರಡರಷ್ಟು ಹೆಚ್ಚಾಗಿತ್ತು, ಹೊಗೆಯನ್ನು ಒಳಗೆ ಹಿಡಿದಿಡುವ ಹೊತ್ತು ನಾಲ್ಕು ಪಟ್ಟಾಗಿತ್ತು, ಒಳಗೆ ಹೋದ ಟಾರ್, ಅಂದರೆ ಹೊಗೆಯಲ್ಲಿರುವ ಜಿಗುಟು ಕಿಟ್ಟ, ಸುಮಾರು ಮೂರು ಪಟ್ಟಾಗಿತ್ತು. ಹಾಗೆ ಹಿಡಿದಿಟ್ಟರೆ ಚೆನ್ನಾಗಿ ಏರುತ್ತದೆ ಎಂಬ ನಂಬಿಕೆಯೊಂದಿದೆ. ಆದರೆ ಅಮಲಿನ ಅಂಶದ ಬಹುಪಾಲು ಮೊದಲ ಕೆಲವು ಸೆಕೆಂಡುಗಳಲ್ಲೇ ರಕ್ತಕ್ಕೆ ಸೇರಿರುತ್ತದೆ. ಆಮೇಲೆ ಉಸಿರು ಕಟ್ಟಿ ಕೂತರೆ ಹೆಚ್ಚುವರಿಯಾಗಿ ಸಿಗುವುದು ಟಾರ್ ಮಾತ್ರ. ಚಿಲುಮೆಯ ಬುಡಕ್ಕೆ ಸುತ್ತುವ ಒದ್ದೆ ಬಟ್ಟೆಯನ್ನು ಒಮ್ಮೆ ಬಿಡಿಸಿ ನೋಡಿದವರಿಗೆ ಈ ಟಾರಿನ ಪರಿಚಯ ಇದ್ದೇ ಇರುತ್ತದೆ: ಬಿಳಿಯ ತುಂಡು ಕಂದು ಬಣ್ಣಕ್ಕೆ ತಿರುಗಿ, ಬೆರಳಿಗೆ ಜಿಗುಟಾಗಿ ಅಂಟುತ್ತದೆ. ಅದು ಬಟ್ಟೆಯಲ್ಲಿ ನಿಂತ ಪಾಲು. ಒದ್ದೆ ಬಟ್ಟೆಯಿಂದ ಹೊಗೆ ತಂಪಾಗಿ ಗಂಟಲಿಗೆ ಹಿತವಾಗುವುದರಿಂದ ಇನ್ನಷ್ಟು ಆಳಕ್ಕೆ ಎಳೆಯುವುದೂ ಸುಲಭವಾಗುತ್ತದೆ.

"ಸೇದಿದಾಗ ಎದೆ ಹಗುರವಾಗುತ್ತದಲ್ಲ?" ಎಂದು ವಾದಿಸುವವರಿದ್ದಾರೆ. ಆ ಅನುಭವ ನಿಜವೇ. ಗಾಂಜಾದ ಅಮಲಿನ ಅಂಶವು ಉಸಿರಿನ ಕೊಳವೆಗಳನ್ನು ಸ್ವಲ್ಪ ಹೊತ್ತು ಅಗಲಿಸುತ್ತದೆ. 1970ರ ದಶಕದಲ್ಲಿ ಆಸ್ತಮಾ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿಯೂ ಇದ್ದರು. ಆದರೆ ಕೊಳವೆಯನ್ನು ಅಗಲಿಸುವ ವಸ್ತು ಮತ್ತು ಅದರ ಒಳಮೈಯನ್ನು ಸುಡುವ ಹೊಗೆ ಒಂದೇ ದಮ್ಮಿನಲ್ಲಿ ಬರುತ್ತವೆ.

ಇನ್ನು ಕೆಲವರು ಮೊಬೈಲಿನಲ್ಲಿ 2012ರ ಅಮೆರಿಕದ ಅಧ್ಯಯನವನ್ನು ತೋರಿಸುತ್ತಾರೆ. ಐದು ಸಾವಿರಕ್ಕೂ ಹೆಚ್ಚು ಜನರನ್ನು 20 ವರ್ಷ ಹಿಂಬಾಲಿಸಿದ ಆ ಅಧ್ಯಯನದಲ್ಲಿ, ಅಪರೂಪಕ್ಕೆ ಸೇದುವವರ ಊದುವ ಶಕ್ತಿ ಕುಗ್ಗಿರಲಿಲ್ಲ ಎಂಬುದು ಸರಿ. ಆದರೆ ಅಲ್ಲಿ ಸೇದುತ್ತಿದ್ದವರಲ್ಲಿ ಹೆಚ್ಚಿನವರು ತಿಂಗಳಿಗೆ ಎರಡು ಮೂರು ಸಲ ಸೇದುವವರು. ನಮ್ಮಲ್ಲಿ ಸಿಗರೇಟಿನ ತಂಬಾಕನ್ನು ಅರ್ಧ ಉದುರಿಸಿ, ಸೊಪ್ಪು ಬೆರೆಸಿ, ಮತ್ತೆ ತುಂಬಿ ದಿನವೂ ಸೇದುವವನು "ಸಿಗರೇಟ್ ಸೇದಲ್ಲ" ಎಂದುಕೊಂಡು ಆ ಅಧ್ಯಯನದ ನೆರಳಿನಲ್ಲಿ ನಿಲ್ಲುವುದು ನನಗೆ ಸರಿಯೆನಿಸುವುದಿಲ್ಲ.

ಸಾಧುಗಳು ಸಾವಿರಾರು ವರ್ಷಗಳಿಂದ ಸೇದಿಲ್ಲವೇ ಎಂಬ ಪ್ರಶ್ನೆಗೆ ಬ್ರಿಟಿಷರ ಕಾಲದ ದಾಖಲೆಯೊಂದು ಉತ್ತರ ಕೊಡುತ್ತದೆ. ಗಾಂಜಾ, ಭಂಗಿ ಬಳಕೆಯ ತನಿಖೆಗೆಂದು ನೇಮಕವಾದ 1893–94ರ ಭಾರತೀಯ ಭಂಗಿ ಆಯೋಗವು 1193 ಸಾಕ್ಷಿಗಳನ್ನು ವಿಚಾರಿಸಿತು. ಅವರಿಗೆ ಕೊಟ್ಟ ಪ್ರಶ್ನೆಗಳಲ್ಲಿ ಗಾಂಜಾದಿಂದ ಶ್ವಾಸನಾಳದ ಉರಿಯೂತ, ಆಸ್ತಮಾ ಬರುತ್ತದೆಯೇ ಎಂಬುದೂ ಇತ್ತು. ಆಯೋಗವು ಗಾಂಜಾದ ವೈರಿಯೇನೂ ಆಗಿರಲಿಲ್ಲ. ಮಿತಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ ಎಂದೇ ಅದರ ಒಟ್ಟು ತೀರ್ಮಾನ. ಅಂಥ ಆಯೋಗವೇ, ದೀರ್ಘಕಾಲ ಗಾಂಜಾ ಸೇದಿದರೆ ಹೊಗೆಯ ಕೆರಳಿಸುವ ಅಂಶಗಳಿಂದ ಶ್ವಾಸನಾಳದಲ್ಲಿ ಸ್ರಾವ ಹೆಚ್ಚಿ ದೀರ್ಘಕಾಲದ ಬ್ರಾಂಕೈಟಿಸ್ ಉಂಟಾಗುತ್ತದೆ ಎಂದು ಬರೆದಿತ್ತು.

ಕ್ಯಾನ್ಸರಿನ ಬಗ್ಗೆ ಕೇಳಿದರೆ, ಗಾಂಜಾ ಸೇದುವುದಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟು ಕಂಡುಬಂದಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿ ಹೇಳಿದೆ. ಕೆಮ್ಮು ಮತ್ತು ಕಫದ ವಿಷಯದಲ್ಲಿ ಮಾತ್ರ ಅದೇ ವರದಿ ಬಲವಾದ ನಂಟನ್ನು ಗುರುತಿಸಿತು.

ಬಿಟ್ಟರೆ ಹೋಗುತ್ತದೆಯೇ? ಹೋಗುತ್ತದೆ, ಬಹುತೇಕ. ನ್ಯೂಜಿಲೆಂಡಿನ ಡನೀಡನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಇಂದಿಗೂ ಪರೀಕ್ಷಿಸುತ್ತ ಬಂದಿದ್ದಾರೆ. ಅವರಲ್ಲಿ ವರ್ಷಕ್ಕೆ 52 ಸಲ ಅಥವಾ ಅದಕ್ಕಿಂತ ಹೆಚ್ಚು ಸೇದುತ್ತಿದ್ದವರಿಗೆ ಬೆಳಗಿನ ಕೆಮ್ಮು, ಕಫ, ಉಬ್ಬಸ ಹೆಚ್ಚಾಗಿದ್ದವು. ಬಿಟ್ಟವರಲ್ಲಿ ಮತ್ತು ಕಡಿಮೆ ಮಾಡಿದವರಲ್ಲಿ ಅವು ಸೇದದವರ ಮಟ್ಟಕ್ಕೆ ಇಳಿದವು. ಹಾಗಾಗಿ ನಾರ್ಮಲ್ ರಿಪೋರ್ಟು ಹಿಡಿದು ಕೆಮ್ಮುತ್ತಿರುವ ಹುಡುಗನಿಗೆ, ಬಿಡಲು ಇದೇ ಒಳ್ಳೆಯ ಹೊತ್ತು ಎಂದು ಹೇಳುತ್ತೇನೆ.

ಆದರೆ ಪ್ರತಿ ಕೆಮ್ಮನ್ನೂ ಹೊಗೆಯ ತಲೆಗೆ ಕಟ್ಟಬಾರದು. ಮುಚ್ಚಿದ ಕೋಣೆಯಲ್ಲಿ ನಾಲ್ಕಾರು ಜನ ಒಂದೇ ಚಿಲುಮೆಯ ಸುತ್ತ ಗಂಟೆಗಟ್ಟಲೆ ಕೂತು ಕೆಮ್ಮುವುದು ಕ್ಷಯ ಹರಡಲು ಹೇಳಿ ಮಾಡಿಸಿದ ಜಾಗ. ಕೆಮ್ಮು ಎರಡು ವಾರ ದಾಟಿದರೆ, ಸಂಜೆ ಜ್ವರ ಬಂದರೆ, ತೂಕ ಇಳಿದರೆ, ಕಫದಲ್ಲಿ ರಕ್ತ ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಗುವ ಕಫದ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಮತ್ತು ವೈದ್ಯರ ಮುಂದೆ ಬೀಡಿ ಎಂದು ಸುಳ್ಳು ಹೇಳಬಾರದು. ನಮ್ಮ ಅರ್ಜಿಯಲ್ಲಿ ಬೀಡಿ, ಸಿಗರೇಟು ಎಂಬ ಎರಡೇ ಕಲಂಗಳಿವೆ. ಯಾರಾದರೂ ನಿಜ ಹೇಳಿದರೆ ನಾನು ಪಕ್ಕದ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆಯುತ್ತೇನೆ: ಗಾಂಜಾ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ತಂಬಾಕು ಬೆರೆಸಿಯೋ ಇಲ್ಲವೋ.